ವಾಡಿ ಔಟರ್‌ನಲ್ಲಿ ನಿಂತ ಮೇಲು

ಸ್ಪ್ಯಾಮ್ ಅನ್ನೋದು ಬಗೆಹರಿದ ಸಮಸ್ಯೆ ಅಂತ ಬೆಂಗಳೂರಿನ ನಮ್ಮಂಥ ಐಟಿ ಜನ ಹೆಚ್ಚೂಕಮ್ಮಿ ತೀರ್ಮಾನ ಮಾಡಿಬಿಟ್ಟಿದ್ದೇವೆ. ಜಿಮೇಲ್ ಇದೆ, ಔಟ್‌ಲುಕ್ ಇದೆ, ಕಸ ತಾನಾಗಿ ಬೇರೆ ಡಬ್ಬಿಗೆ ಬೀಳುತ್ತೆ. ತಿಂಗಳಿಗೊಮ್ಮೆ ಆ ಡಬ್ಬಿ ಇಣುಕಿದರೆ ನಗು ಬರುತ್ತೆ, ಅಷ್ಟೇ. ಆದರೆ ನನಗೆ ಸೇಡಂನಿಂದ, ಚಿತ್ತಾಪುರದಿಂದ, ಶಹಾಬಾದಿನಿಂದ ಬರುವ ಫೋನುಗಳ ಕಥೆ ಬೇರೆ. ಊರಲ್ಲಿ 'ಕಂಪ್ಯೂಟರ್ ಕಲಿತ ಹುಡುಗ' ಅಂತ ಹೆಸರಾದವನಿಗೆ ಇಂಥ ಫೋನು ತಪ್ಪಿದ್ದಲ್ಲ. ಅಲ್ಲಿಯವರಿಗೆ ಎರಡು ಕಷ್ಟ ಒಟ್ಟಿಗೇ ಇವೆ: ಬೇಡದ ಮೇಲು ಒಳಗೆ ಬರುತ್ತೆ, ಬೇಕಾದ ಮೇಲು ಹೊರಗೆ ಹೋಗಲ್ಲ.

ಎರಡರ ನಡುವೆಯೂ ನಿಂತಿರೋದು ಬ್ಲಾಕ್‌ಲಿಸ್ಟ್ ಅನ್ನೋ ಪಟ್ಟಿ. ಅದು ಎಲ್ಲೋ ಲಂಡನ್ನಿನಲ್ಲಿ, ಅಮೆರಿಕದಲ್ಲಿ ಕೂತಿರುತ್ತೆ. ಅದನ್ನು ನಮ್ಮ ಹತ್ತಿರ ತಂದುಕೊಂಡರೆ ಸ್ಪ್ಯಾಮನ್ನು ಬೇಗ ನಿಲ್ಲಿಸಬಹುದು ಅನ್ನೋದು ನನ್ನ ವಾದ. ಹತ್ತಿರದ ಪಟ್ಟಿ ಅಂದ ತಕ್ಷಣ ಒಳ್ಳೆಯ ಪಟ್ಟಿ ಅಂತೇನೂ ಅಲ್ಲ, ಆ ಮಾತಿಗೆ ಆಮೇಲೆ ಬರ್ತೀನಿ.

ಮೊದಲು ದೂರದ ಪಟ್ಟಿಗೆ ಸಲ್ಲಬೇಕಾದ ಗೌರವ ಸಲ್ಲಿಸೋಣ. ಇಂಟರ್‌ನೆಟ್ಟಿನ ಹೆಸರಿನ ವ್ಯವಸ್ಥೆಯಾದ ಡಿಎನ್‌ಎಸ್‌ಗೆ ದುಡಿದ ಪಾಲ್ ವಿಕ್ಸಿ 1997ರಲ್ಲಿ ಸ್ಪ್ಯಾಮ್ ಕಳಿಸುವ ಸರ್ವರ್‌ಗಳ ಐಪಿ ವಿಳಾಸಗಳ ಪಟ್ಟಿ ಶುರು ಮಾಡಿದರು. ಅದರ ಸಂಸ್ಥೆಗೆ ಮ್ಯಾಪ್ಸ್ ಅಂತ ಹೆಸರಿಟ್ಟರು. ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ಸ್ಪ್ಯಾಮ್! ಮರುವರ್ಷವೇ, 1998ರಲ್ಲಿ, ಸ್ಟೀವ್ ಲಿನ್‌ಫೋರ್ಡ್ ಸ್ಪ್ಯಾಮ್‌ಹೌಸ್ ಕಟ್ಟಿದರು. ಇವತ್ತಿಗೂ ಜಗತ್ತಿನ ಅಸಂಖ್ಯ ಮೇಲ್ ಸರ್ವರ್‌ಗಳು ಅದನ್ನು ಕೇಳಿಯೇ ಬಾಗಿಲು ತೆಗೆಯುತ್ತವೆ.

ಕೇಳುವ ರೀತಿ ಬಹಳ ಚಂದ. 203.0.113.7 ಅನ್ನೋ ವಿಳಾಸದಿಂದ ಯಾರೋ ಬಂದು ಬಾಗಿಲು ಬಡಿದರು ಅಂತಿಟ್ಟುಕೊಳ್ಳಿ. ನಮ್ಮ ಸರ್ವರ್ ಆ ಅಂಕಿಗಳನ್ನು ತಿರುವಿ 7.113.0.203 ಮಾಡಿ, ಅದರ ಮುಂದೆ ಪಟ್ಟಿಯ ಹೆಸರು ಸೇರಿಸಿ, ಈ ಹೆಸರು ಗೊತ್ತೇನು ಅಂತ ಡಿಎನ್‌ಎಸ್‌ಗೆ ಕೇಳುತ್ತೆ. ಗೊತ್ತಿಲ್ಲ ಅಂದರೆ ಒಳಗೆ ಬಾ. 127.0.0.2 ಅನ್ನೋ ಥರದ ಉತ್ತರ ಬಂದರೆ ಬಾಗಿಲು ಬಂದ್. ಮೇಲಿನಲ್ಲಿ ಏನು ಬರೆದಿದೆ ಅಂತ ಓದೋ ಗೋಜೇ ಇಲ್ಲ. ಒಂದು ಸೆಕೆಂಡೂ ಹಿಡಿಯಲ್ಲ, ಖರ್ಚೂ ಇಲ್ಲ.

ತಕರಾರು ಶುರುವಾಗೋದು ಆ ವಿಳಾಸ ಯಾರದ್ದು ಅನ್ನೋ ಪ್ರಶ್ನೆಯಿಂದ. ಹಳೆಯ ಐಪಿ ವಿಳಾಸಗಳು ಜಗತ್ತಿನಲ್ಲಿ ಇರೋದೇ 430 ಕೋಟಿಯಷ್ಟು. ಏಷ್ಯಾ ಪೆಸಿಫಿಕ್ ಭಾಗಕ್ಕೆ ಅದನ್ನು ಹಂಚುವ ಎಪಿನಿಕ್ 2011ರ ಏಪ್ರಿಲ್‌ನಲ್ಲೇ ಕೊನೆಯ ದೊಡ್ಡ ಗಂಟಿಗೆ ಕೈ ಹಾಕಿ ರೇಷನ್ ಶುರು ಮಾಡಿತು. ನಮ್ಮ ಸಣ್ಣ ಊರುಗಳಿಗೆ ಮನೆಮನೆ ಬ್ರಾಡ್‌ಬ್ಯಾಂಡ್ ಬಂದಿದ್ದು ಅದಾದ ಮೇಲೆ. ಊಟ ಮುಗಿಯೋ ಹೊತ್ತಿಗೆ ಪಂಕ್ತಿಗೆ ಬಂದ ಹಾಗೆ. ಹಾಗಾಗಿ ಕೇಬಲ್‌ನವರು ಮಾಡೋದೇನು? ಒಂದೇ ವಿಳಾಸವನ್ನು ನೂರಾರು ಮನೆಗೆ ಹಂಚುತ್ತಾರೆ. ಇಡೀ ಓಣಿಗೆ ಒಂದೇ ಮನೆ ನಂಬರು. ಒಂದು ಝೆರಾಕ್ಸ್ ಅಂಗಡಿಯ ಹಳೇ ಕಂಪ್ಯೂಟರಿಗೆ ವೈರಸ್ ಹೊಕ್ಕು, ಅದು ರಾತ್ರಿಯೆಲ್ಲ ಸ್ಪ್ಯಾಮ್ ಉಗುಳಿದರೆ ಬೆಳಗಾಗೋ ಹೊತ್ತಿಗೆ ಪಟ್ಟಿಗೆ ಸೇರೋದು ಆ ಓಣಿಯೇ. ಬೆಂಗಳೂರಿನ ನಿಮ್ಮ ಆಫೀಸಿಗೆ ಸ್ವಂತ ವಿಳಾಸಗಳಿವೆ, ನಿಮಗಿದು ತಾಕಲ್ಲ.

ಶಹಾಬಾದಿನಲ್ಲಿ ಫರಸಿ ಕಲ್ಲು ವ್ಯಾಪಾರ ಮಾಡುವ ಹಿರಿಯರೊಬ್ಬರು ಹೊರ ರಾಜ್ಯದ ಗುತ್ತಿಗೆದಾರರಿಗೆ ಕೊಟೇಶನ್ ಕಳಿಸಿದರು. ಮೇಲು ವಾಪಸ್ ಬಂತು. ಜೊತೆಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಬೈಗುಳ, ಅದರಲ್ಲಿ ಸ್ಪ್ಯಾಮ್ ಅನ್ನೋ ಪದ ಎರಡು ಸಲ. ನನಗೆ ಫೋನ್ ಮಾಡಿದರು: "ಏ ತಮ್ಮಾ, ನಾ ಏನ್ ಕಳ್ಳತನ ಮಾಡೀನಿ? ಕಲ್ಲಿನ ರೇಟ್ ಕಳ್ಸೀನಿ. ಇವ್ರು ನನ್ನ ಹೆಸ್ರು ಯಾವುದೋ ಲಿಸ್ಟ್‌ದಾಗ ಹಾಕ್ಯಾರಂತ."

ಅವರು ಸಿಕ್ಕಿಬಿದ್ದಿದ್ದು ಸ್ಪ್ಯಾಮ್‌ಹೌಸ್‌ನ ಪಿಬಿಎಲ್ ಅನ್ನೋ ಪಟ್ಟಿಯಲ್ಲಿ. ಪಿಬಿಎಲ್ ಯಾರನ್ನೂ ಕಳ್ಳ ಅನ್ನೋದಿಲ್ಲ. ಇದು ಮನೆ ಕನೆಕ್ಷನ್ನು, ಇಲ್ಲಿಂದ ನೇರವಾಗಿ ಬೇರೆಯವರ ಸರ್ವರ್‌ಗೆ ಮೇಲು ಹೋಗಬಾರದು, ತನ್ನ ಮೇಲ್ ಸರ್ವರ್ ಮೂಲಕವೇ ಹೋಗಬೇಕು ಅಂತ ಹೇಳುತ್ತೆ, ಅಷ್ಟೇ. ನಮ್ಮ ಸಾಹುಕಾರ್ರು ಹಾಗೇ ಕಳಿಸಿದ್ದರು. ಪಾಸ್‌ವರ್ಡ್ ಕೊಟ್ಟು ತಮ್ಮ ಮೇಲ್ ಕಂಪನಿಯ ಸರ್ವರ್‌ಗೇ ಲಾಗಿನ್ ಆಗಿದ್ದರು. ಆ ಕಂಪನಿ ಅಪರಿಚಿತರಿಗೆ ಕೇಳಬೇಕಾದ ಪ್ರಶ್ನೆಯನ್ನು ದುಡ್ಡು ಕೊಟ್ಟ ಗಿರಾಕಿಗೇ ಕೇಳಿತು. ಹೀಗೆ ಮಾಡಬೇಡಿ ಅಂತ ಪಟ್ಟಿ ನಡೆಸುವವರೇ ಎಚ್ಚರಿಸಿದ್ದಾರೆ, ಯಾರು ಓದ್ತಾರೆ?

ಇದಕ್ಕಿಂತ ತಮಾಷೆಯ ಇನ್ನೊಂದಿದೆ. ಗೂಗಲ್ಲಿನ 8.8.8.8 ಥರದ ಸಾರ್ವಜನಿಕ ಡಿಎನ್‌ಎಸ್ ಮೂಲಕ ಸ್ಪ್ಯಾಮ್‌ಹೌಸನ್ನು ಕೇಳಿದರೆ ಅದು 127.255.255.254 ಅಂತ ಉತ್ತರಿಸಬಹುದು. 'ಈ ದಾರಿಯಿಂದ ಕೇಳಬೇಡಪ್ಪ' ಅಂತ ಅದರ ಅರ್ಥ. ಯಾವ ಉತ್ತರ ಬಂದರೂ 'ಕಳ್ಳ' ಅಂತಲೇ ಓದಿಕೊಳ್ಳುವ ಸರ್ವರ್ ಅವತ್ತಿನಿಂದ ಲೋಕದ ಎಲ್ಲ ಮೇಲನ್ನೂ ತಿರಸ್ಕರಿಸುತ್ತಾ ಕೂರುತ್ತೆ. ಸೆಟಪ್ ಮಾಡಿಕೊಟ್ಟ ಹುಡುಗ ಬೇರೆ ಕೆಲಸ ಹಿಡಿದು ಹೋಗಿರುತ್ತಾನೆ. ಮೂರು ದಿನ ಮೇಲೇ ಇಲ್ಲ ಅಂತ ಆಫೀಸಿನವರು ಖುಷಿಯಾಗಿರುತ್ತಾರೆ.

ಇನ್ನು ವೇಗದ ಮಾತು. ಸ್ಪ್ಯಾಮ್ ಕಳಿಸುವವನ ಬದುಕು ಗಂಟೆಗಳ ಲೆಕ್ಕದ್ದು. ಒಂದು ಸರ್ವರ್ ಬಾಡಿಗೆಗೆ ಹಿಡಿದು, ಮಧ್ಯಾಹ್ನದೊಳಗೆ ಲಕ್ಷಗಟ್ಟಲೆ ಉದುರಿಸಿ, ಸಂಜೆಗೆ ಬೇರೆ ಕಡೆ ಗುಡಾರ ಹಾಕುತ್ತಾನೆ. ನಮ್ಮ ಸರ್ಕಾರಿ ವ್ಯವಸ್ಥೆ ಎಷ್ಟು ಬೇಗ ಓಡುತ್ತೆ ನೋಡಿ. ಬೇಡದ ಕರೆ ಮತ್ತು ಎಸ್ಸೆಮ್ಮೆಸ್‌ಗಳಿಗೆ ಟ್ರಾಯ್ 2018ರಲ್ಲಿ ನಿಯಮ ಮಾಡಿತು, 2025ರ ಫೆಬ್ರವರಿಯಲ್ಲಿ ಅದನ್ನು ಬಿಗಿ ಮಾಡಿತು. ನೋಂದಣಿ ಇಲ್ಲದವರ ಮೇಲೆ ಕ್ರಮಕ್ಕೆ ಮೊದಲಿದ್ದ 30 ದಿನದ ಗಡುವು 5 ದಿನಕ್ಕೆ ಇಳಿಯಿತು. 7 ದಿನದಲ್ಲಿ 10 ದೂರು ಬೇಕಿದ್ದದ್ದು 10 ದಿನದಲ್ಲಿ 5 ದೂರಾಯಿತು. ಒಳ್ಳೆಯದೇ. ಆದರೆ 5 ದಿನ ಅಂದರೆ ಸ್ಪ್ಯಾಮಿನವನಿಗೆ 5 ಜನ್ಮ.

ಈಮೇಲಿಗಂತೂ ಅದೂ ಇಲ್ಲ. ಟ್ರಾಯ್ ನಿಯಮ ಫೋನಿಗೆ ಮಾತ್ರ. ಐಟಿ ಕಾಯ್ದೆಯ 66ಎ ಕಲಮಿನಲ್ಲಿ ಕಿರಿಕಿರಿ ಕೊಡುವ, ಎಲ್ಲಿಂದ ಬಂತೆಂದು ಮರೆಮಾಚುವ ಮೇಲುಗಳ ಪ್ರಸ್ತಾಪವಿತ್ತು. ಅದನ್ನು ಸ್ಪ್ಯಾಮಿನವರ ಮೇಲೆ ಬಳಸಿದ್ದಕ್ಕಿಂತ ಫೇಸ್‌ಬುಕ್ಕಿನಲ್ಲಿ ಬರೆದವರ ಮೇಲೆ ಬಳಸಿದ್ದೇ ಸುದ್ದಿಯಾಗಿ, ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಆ ಕಲಮನ್ನೇ ಹೊಡೆದುಹಾಕಿತು. ಸರಿಯಾಗಿಯೇ ಹೊಡೆದುಹಾಕಿತು ಅನ್ನಿ.

ಹಾಗಾದರೆ ಬೇಗ ಅನ್ನೋದು ಎಲ್ಲಿಂದ ಬರಬೇಕು? ಮೇಲು ಬಂದು ಬೀಳುವ ಜಾಗದಿಂದಲೇ. ನಮ್ಮ ಕಡೆ ಐದು ಜನ ಸೇರಿ ಮಾಡಿಕೊಂಡಿದ್ದನ್ನೇ ಹೇಳ್ತೀನಿ. ಸೇಡಂನ ಕಾಲೇಜೊಂದರ ಆಫೀಸು, ಚಿತ್ತಾಪುರದ ದಾಲ್ ಮಿಲ್ಲು, ವಾಡಿಯ ನೆಟ್ ಸೆಂಟರು, ಶಹಾಬಾದಿನ ನಮ್ಮ ಕಲ್ಲಿನ ಸಾಹುಕಾರ್ರು, ಚಿಂಚೋಳಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಐದಕ್ಕೂ ಸ್ವಂತ ಡೊಮೈನು, ಬಾಡಿಗೆಯ ಸಣ್ಣ ಸರ್ವರ್‌ಗಳಲ್ಲಿ ಮೇಲು. ತಲೆಕೆಡಿಸಿಕೊಳ್ಳುವ ತಾಂತ್ರಿಕತೆ ಏನಿಲ್ಲ, ಎಲ್ಲ ಪುಕ್ಕಟೆ ಸಿಗುವ ತಂತ್ರಾಂಶ.

ಮೊದಲ ಕೆಲಸ, ಬೋನು ಇಡೋದು. ಯಾವ ಮನುಷ್ಯನಿಗೂ ಕೊಡದ ಒಂದೆರಡು ಮೇಲ್ ವಿಳಾಸ ಸೃಷ್ಟಿಸಿ, ವೆಬ್‌ಸೈಟಿನ ಪುಟದಲ್ಲಿ ಕಣ್ಣಿಗೆ ಕಾಣದ ಹಾಗೆ ಬರೆದಿಡೋದು. ಮನುಷ್ಯರಿಗೆ ಕಾಣಲ್ಲ, ವಿಳಾಸ ಹೆಕ್ಕುವ ರೋಬೋಟಿಗೆ ಕಾಣುತ್ತೆ. ಅಲ್ಲಿಗೆ ಮೇಲು ಬಂತು ಅಂದರೆ ಕಳಿಸಿದವನು ವಿಳಾಸ ಕದ್ದವನೇ, ವಿಚಾರಣೆ ಬೇಕಿಲ್ಲ. ನಿವೃತ್ತರಾದ ಗುಮಾಸ್ತರ ಹಳೇ ವಿಳಾಸವನ್ನೂ ಬೋನು ಮಾಡಬಹುದು. ಆದರೆ ಅದಕ್ಕೆ ಬಂದ ಮೇಲನ್ನೆಲ್ಲ ಕನಿಷ್ಠ ಒಂದು ವರ್ಷ ವಾಪಸ್ ಕಳಿಸುತ್ತಿದ್ದು, ಆಮೇಲೆ ಮಾಡಬೇಕು. ಇಲ್ಲದಿದ್ದರೆ ಅವರ ಹಳೇ ಸ್ನೇಹಿತರು ದೀಪಾವಳಿ ಶುಭಾಶಯ ಕಳಿಸಿ ಬೋನಿಗೆ ಬೀಳ್ತಾರೆ.

ಬೋನಿಗೆ ಬಿದ್ದ ವಿಳಾಸ ತಕ್ಷಣ ಪಟ್ಟಿಗೆ ಸೇರುತ್ತೆ. ನಿಮಿಷಕ್ಕೊಮ್ಮೆ ಪಟ್ಟಿ ಐದೂ ಕಡೆ ಹಂಚಿಕೆಯಾಗುತ್ತೆ. ಚಿತ್ತಾಪುರದ ಬೋನಿಗೆ ಬಿದ್ದವನು ಚಿಂಚೋಳಿಯ ಬಾಗಿಲಿಗೆ ಬರೋ ಹೊತ್ತಿಗೆ ಅಲ್ಲಿ ಅವನ ಹೆಸರು ಗೊತ್ತಿರುತ್ತೆ. 24 ಗಂಟೆ ಆದ ಮೇಲೆ ಹೆಸರು ತಾನಾಗಿ ಅಳಿದುಹೋಗುತ್ತೆ. ಇದು ನಮ್ಮ ಶೋಧ ಅಲ್ಲ. ಓಪನ್‌ಬಿಎಸ್‌ಡಿಯ ಸ್ಪ್ಯಾಮ್‌ಡಿ ಅನ್ನೋ ತಂತ್ರಾಂಶದಲ್ಲಿ ಬೋನಿಗೆ ಬಿದ್ದವರಿಗೆ 24 ಗಂಟೆಯದೇ ಶಿಕ್ಷೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯ ಹೀಗೆ ತನ್ನ ಬೋನುಗಳಿಗೆ ಬಿದ್ದವರ ಪಟ್ಟಿಯನ್ನು ಹೊರಗಿನವರಿಗೂ ಹಂಚುತ್ತಿತ್ತು. ಒಂದು ಕ್ಯಾಂಪಸ್ಸಿನ ಅನುಭವ ಬೇರೆಯವರ ಬಾಗಿಲಿಗೂ ಸಾಕಾಗುತ್ತಿತ್ತು.

ಆದರೆ ಬೋನಿಗೆ ಬೀಳುವ ಮೊದಲೇ ಬೇರೆ ಬಾಗಿಲಿಗೆ ಬಂದವನ ಕಥೆ? ಅದಕ್ಕೇ ಔಟರ್. ಬೆಂಗಳೂರಿನಿಂದ ಕಲಬುರಗಿಗೆ ರೈಲಲ್ಲಿ ಹೋದವರಿಗೆ ವಾಡಿ ಔಟರ್ ವಿವರಿಸಬೇಕಿಲ್ಲ. ಮುಂಬೈ, ಚೆನ್ನೈ ಹಳಿಗೆ ಸೇಡಂ, ಚಿತ್ತಾಪುರ ಹಾದು ಬರುವ ಸಿಕಂದರಾಬಾದಿನ ಹಳಿ ಕೂಡುವ ಜಂಕ್ಷನ್ನು ಅದು. ಸಿಗ್ನಲ್ ಇಲ್ಲದೆ ಹೊರಗೆ ನಿಂತ ಗಾಡಿಯಲ್ಲಿ ಎಲ್ಲರೂ ಬ್ಯಾಗು ಕೆಳಗಿಳಿಸಿಕೊಂಡು ಬಾಗಿಲ ಹತ್ತಿರ ನಿಂತು ಬೈಯುತ್ತಿರುತ್ತಾರೆ. ಆದರೆ ಗಾಡಿ ಕಾಯುತ್ತೆ, ಸಿಗ್ನಲ್ ಬಿದ್ದ ಮೇಲೆ ಒಳಗೆ ಬರುತ್ತೆ. (ಚಿಂಚೋಳಿಯವರಿಗೆ ಈ ಉಪಮೆ ಹೇಳಿದರೆ ಸಿಟ್ಟು. ಅವರಿಗೆ ಇನ್ನೂ ರೈಲೇ ಬಂದಿಲ್ಲ.)

ಮೇಲಿನಲ್ಲಿ ಇದಕ್ಕೆ ಗ್ರೇಲಿಸ್ಟಿಂಗ್ ಅಂತಾರೆ. 2003ರಲ್ಲಿ ಇವಾನ್ ಹ್ಯಾರಿಸ್ ಬರೆದ ಉಪಾಯ. ಮುಖಪರಿಚಯ ಇಲ್ಲದ ಸರ್ವರ್ ಬಂದರೆ 'ಈಗ ಬಿಡುವಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬಾ' ಅನ್ನೋದು. ನಿಜವಾದ ಮೇಲ್ ಸರ್ವರ್ ಕಾದು ಮತ್ತೆ ಬರುತ್ತೆ, ಅದು ಅದರ ಕರ್ತವ್ಯ. ಲಕ್ಷಗಟ್ಟಲೆ ಉದುರಿಸುವವನಿಗೆ ಕಾಯುವ ವ್ಯವಧಾನ ಇರಲ್ಲ. ಕಾದು ಬಂದರೂ ಅಷ್ಟರಲ್ಲಿ ಪಕ್ಕದೂರಿನ ಬೋನಿಗೆ ಬಿದ್ದಿರುತ್ತಾನೆ. ಸ್ಪ್ಯಾಮ್‌ಡಿಯಲ್ಲಿ ಕಾಯಿಸುವ ಸಮಯ 25 ನಿಮಿಷ. ನಮ್ಮ ಐದು ಊರಿಗೆ ಅದು ಬೇಕಾದಷ್ಟು.

ಇದರಲ್ಲಿ ಒಂದು ದೊಡ್ಡ ಕೊರತೆ ಇದೆ, ಮುಚ್ಚಿಡಬಾರದು. ಓಟಿಪಿ 25 ನಿಮಿಷ ಕಾಯಲ್ಲ. ಪರೀಕ್ಷೆ ಫಾರ್ಮ್ ತುಂಬುವ ಕೊನೇ ದಿನ ಸೇಡಂನ ಕಾಲೇಜು ಆಫೀಸಿನಲ್ಲಿ ಹುಡುಗಿಯೊಬ್ಬಳು ಓಟಿಪಿಗಾಗಿ ಸ್ಕ್ರೀನ್ ನೋಡ್ತಾ ಕೂತಿದ್ದರೆ, ನಾವು ಅವಳ ಮೇಲನ್ನು ಔಟರ್‌ನಲ್ಲಿ ನಿಲ್ಲಿಸೋದು ಅನ್ಯಾಯ. ದೊಡ್ಡ ಕಂಪನಿಗಳು ಪ್ರತಿ ಸಲ ಬೇರೆ ಬೇರೆ ವಿಳಾಸದಿಂದ ಮರುಪ್ರಯತ್ನ ಮಾಡೋದರಿಂದ ಅವರ ಮೇಲು ಇನ್ನೂ ತಡ. ಆದ್ದರಿಂದ ಗೊತ್ತಿರುವ ದೊಡ್ಡವರಿಗೆ ಥ್ರೂ ಸಿಗ್ನಲ್, ಹೆಸರೂ ಕುಲವೂ ಇಲ್ಲದ ವಿಳಾಸಗಳಿಗೆ ಮಾತ್ರ ಔಟರ್ ಅಂತ ಮಾಡಿಕೊಂಡೆವು. ಬರೀ ಗ್ರೇಲಿಸ್ಟಿಂಗ್ ಹಾಕಿ ಸ್ಪ್ಯಾಮ್ ಗೆದ್ದೆವು ಅನ್ನುವವರು ಇಂಥ ಹುಡುಗಿಯನ್ನು ನೋಡಿರಲ್ಲ.

ದೊಡ್ಡವರಿಗೆ ಥ್ರೂ ಸಿಗ್ನಲ್ ಕೊಟ್ಟ ತಕ್ಷಣ ಮುಂದಿನ ಕಷ್ಟ ಬರುತ್ತೆ. ಈಗಿನ ಮೋಸದ ಮೇಲು ಬರೋದೇ ಜಿಮೇಲಿನಂಥ ಪುಕ್ಕಟೆ ಖಾತೆಗಳಿಂದ. ಐಪಿ ನೋಡಿ ತಡೆದರೆ ಲೋಕವೇ ತಡೆದುಹೋಗುತ್ತೆ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿರೋದು ಮೋಸ ಮಾಡುವವರಿಗೂ ಗೊತ್ತು. ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರಿಗೆ ಕಂಪನಿಯ ಲಾಂಛನ ಇರುವ ನೇಮಕಾತಿ ಪತ್ರ ಬರುತ್ತೆ. ಟ್ರೇನಿಂಗಿಗೆ, ಯೂನಿಫಾರ್ಮಿಗೆ ಇಂತಿಷ್ಟು ಡಿಪಾಜಿಟ್ ಕಟ್ಟಿ, ಆಮೇಲೆ ವಾಪಸ್ ಕೊಡ್ತೀವಿ ಅಂತ. ಬರುವ ಕಾಲವೂ ನೋಡಿ, ತೊಗರಿ ರಾಶಿ ಆಗಿ ಮನೆಯಲ್ಲಿ ನಾಲ್ಕು ಕಾಸು ಆಡುವ ಹೊತ್ತು. ಒಂದು ಮನೆಯವರು ಕಟ್ಟಿಯೇಬಿಟ್ಟರು. ಹುಡುಗ ಹೊಸ ಬೂಟು ಹಾಕಿಕೊಂಡು ಕಾರ್ಖಾನೆ ಗೇಟಿಗೆ ಹೋದ. ಸೆಕ್ಯೂರಿಟಿಯವನು, "ತಮ್ಮಾ, ಈ ವಾರದಾಗ ಇಂಥಾ ಲೆಟರ್ ತಂದವ್ರು ನೀ ಮೂರ್ನೇದವ" ಅಂದನಂತೆ.

ಆ ಗೇಟಿನ ಕಾವಲುಗಾರನಿಗೆ ಗೊತ್ತಾಗಿದ್ದು ಯಾವ ದೊಡ್ಡ ಫಿಲ್ಟರಿಗೂ ಗೊತ್ತಾಗಿರಲಿಲ್ಲ. ಲಕ್ಷ ಜನಕ್ಕೆ ಹೋದ ಮೇಲು ಅವರ ಕಣ್ಣಿಗೆ ಬೀಳುತ್ತೆ, ಒಂದು ತಾಲೂಕಿನ ಒಂದಷ್ಟು ಹುಡುಗರಿಗೆ ಮಾತ್ರ ಹೋದದ್ದು ಬೀಳೋದು ಕಷ್ಟ. ಇಲ್ಲಿ ಹತ್ತಿರದ ಪಟ್ಟಿಗೆ ಬದಲಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಮೋಸಗಾರ ಮೇಲ್ ಖಾತೆ ದಿನಕ್ಕೊಂದು ಬದಲಿಸಬಹುದು, ಆದರೆ ದುಡ್ಡು ಕೈಗೆ ಬರಬೇಕಲ್ಲ? ಪತ್ರದ ಒಳಗೆ ವಾಟ್ಸ್ಆಪ್ ನಂಬರು, ಯುಪಿಐ ಐಡಿ, ಒಂದು ಲಿಂಕು ಇದ್ದೇ ಇರುತ್ತೆ, ಅವು ಅಷ್ಟು ಬೇಗ ಬದಲಾಗಲ್ಲ. ಕಳಿಸಿದವನನ್ನು ಬಿಟ್ಟು ಮೇಲಿನ ಒಳಗಿನ ಲಿಂಕನ್ನು ಹಿಡಿಯೋ ಪಟ್ಟಿ 2004ರಲ್ಲೇ ಸರ್ಬಲ್ ಅನ್ನೋ ಹೆಸರಲ್ಲಿ ಬಂದಿತ್ತು. ನಾವು ಅದನ್ನೇ ಫೋನ್ ನಂಬರಿಗೂ ಯುಪಿಐ ಐಡಿಗೂ ಹೊಂದಿಸಿಕೊಂಡೆವು. ವಾಡಿಯ ನೆಟ್ ಸೆಂಟರಿಗೆ ಹುಡುಗನೊಬ್ಬ ಪತ್ರ ಪ್ರಿಂಟ್ ಹಾಕಿಸೋಕೆ ಬಂದರೆ ಅಣ್ಣ ಅದನ್ನು ಓದಿ, ನಂಬರ್ ಪಟ್ಟಿಗೆ ಸೇರಿಸುತ್ತಾನೆ. ಸೇಡಂ ಕಾಲೇಜಿನ ಡೊಮೈನಿಗೆ ಅದೇ ನಂಬರಿನ ಪತ್ರ ಮತ್ತೆ ಬಂದರೆ ಹುಡುಗರ ಕಣ್ಣಿಗೇ ಬೀಳಲ್ಲ.

ಈಗ ಮೊದಲು ಬಾಕಿ ಇಟ್ಟ ಮಾತು. ಹಳ್ಳಿಯಲ್ಲಿ ಬೆಳೆದವನಿಗೆ 'ಊರವರೇ ಸೇರಿ ಮಾಡಿದ ಪಟ್ಟಿ' ಅಂದ ತಕ್ಷಣ ಮೈ ಜುಮ್ ಅನ್ನಬೇಕು. ಬಹಿಷ್ಕಾರ ಅಂದರೂ ಅದೇ ತಾನೆ? ಇವರಿಗೆ ಕಿರಾಣಿ ಕೊಡಬೇಡಿ, ಇವರನ್ನು ಕೂಲಿಗೆ ಕರೀಬೇಡಿ, ಹೋಟೆಲ್ಲಿನಲ್ಲಿ ಚಹಾ ಕೊಡಬೇಡಿ. ಬರೆದಿಟ್ಟ ಕಾರಣ ಇಲ್ಲ, ಮುಗಿಯುವ ತಾರೀಕಿಲ್ಲ, ಯಾರು ಹೇಳಿದರು ಅಂತ ಕೇಳಿದರೆ 'ಊರವರು'. ಹತ್ತಿರದವರು ಬೇಗ ತಡೆಯುತ್ತಾರೆ ಅನ್ನೋದೂ ನಿಜ, ಹತ್ತಿರದವರು ಬೇಗ ಮರೆಯೋದಿಲ್ಲ ಅನ್ನೋದೂ ಅಷ್ಟೇ ನಿಜ. ನಾನು ನೋಡಿದ ಎಷ್ಟೋ ಆಫೀಸುಗಳ ಸ್ಥಳೀಯ ಪಟ್ಟಿಗಳು ಹೀಗೇ ಇವೆ. ಎಂಟು ವರ್ಷದ ಹಿಂದೆ ಯಾರೋ ಸಿಟ್ಟಿನಲ್ಲಿ ಒಂದು ದೇಶದ ಇಡೀ ವಿಳಾಸಗಳನ್ನೇ ಹಾಕಿರುತ್ತಾರೆ. ಯಾಕೆ ಅಂತ ಈಗ ಇರುವ ಯಾರಿಗೂ ಗೊತ್ತಿಲ್ಲ, ತೆಗೆಯೋಕೆ ಯಾರಿಗೂ ಧೈರ್ಯ ಇಲ್ಲ.

ದೂರದ ಪಟ್ಟಿಗಳೂ ಮುದಿಯಾಗುತ್ತವೆ, ಸಾಯುತ್ತವೆ. ಓಆರ್‌ಡಿಬಿ ಅನ್ನೋ ಹೆಸರುವಾಸಿ ಪಟ್ಟಿ 2006ರ ಡಿಸೆಂಬರಿನಲ್ಲಿ ಮುಚ್ಚಿತು. ಆದರೂ ಜನ ಅದನ್ನು ಕೇಳೋದು ಬಿಡಲಿಲ್ಲ. 2008ರ ಮಾರ್ಚಿನಲ್ಲಿ ಅದು ಕೇಳಿದ ಎಲ್ಲ ವಿಳಾಸಕ್ಕೂ 'ಹೌದು, ಪಟ್ಟಿಯಲ್ಲಿದೆ' ಅಂತ ಉತ್ತರ ಕೊಡಲು ಶುರು ಮಾಡಿತು. ಕೇಳ್ತಾನೇ ಇದ್ದವರ ಮೇಲೆಲ್ಲ ನಿಂತುಹೋಯಿತು. ಸೋರ್ಬ್ಸ್ 2024ರಲ್ಲಿ ಮುಚ್ಚಿತು. ಇನ್ನೂ ಅದನ್ನು ಕೇಳುತ್ತಿರುವ ಸರ್ವರ್‌ಗಳು ನಿಮ್ಮ ಕಂಪನಿಯಲ್ಲೇ ಇರಬಹುದು, ಒಮ್ಮೆ ನೋಡಿ.

ಪಟ್ಟಿಗೆ ಸೇರಿದವನು ಯಾರ ಹತ್ತಿರ ಹೋಗಬೇಕು ಅನ್ನೋದೂ ಅಷ್ಟೇ ಮುಖ್ಯ. ಅಮೆರಿಕದ ಇ360 ಅನ್ನೋ ಮಾರ್ಕೆಟಿಂಗ್ ಕಂಪನಿ ತನ್ನನ್ನು ಪಟ್ಟಿಗೆ ಹಾಕಿದ್ದಕ್ಕೆ ಸ್ಪ್ಯಾಮ್‌ಹೌಸ್ ಮೇಲೆ ದಾವೆ ಹೂಡಿತು. 2006ರಲ್ಲಿ ಇಲಿನಾಯ್ ಕೋರ್ಟು 1 ಕೋಟಿ 17 ಲಕ್ಷ ಡಾಲರ್ ಪರಿಹಾರ ಅಂದಿತು. ಮೇಲ್ಮನವಿಗಳೆಲ್ಲ ಮುಗಿದು 2011ರಲ್ಲಿ ಆ ಮೊತ್ತ ಬಂದು ನಿಂತಿದ್ದು 3 ಡಾಲರಿಗೆ! ಸ್ಪ್ಯಾಮ್‌ಹೌಸ್ ಪರವಾಗಿ ನನಗೂ ಖುಷಿಯೇ. ಆದರೆ ವಕೀಲರಿದ್ದ ಕಂಪನಿಗೇ ಇಷ್ಟು ವರ್ಷ ಹಿಡಿದರೆ ನಮ್ಮ ಕಲ್ಲಿನ ಸಾಹುಕಾರ್ರ ಗತಿ ಏನು ಅಂತ ಯೋಚನೆ ಬರದೇ ಇರಲ್ಲ.

ಇದನ್ನೆಲ್ಲ ನೋಡಿ ನಮ್ಮ ಪಟ್ಟಿಗೆ ಮೂರು ಕಟ್ಟು ಹಾಕಿಕೊಂಡೆವು. ಬೋನಿಗೆ ಬಿದ್ದದ್ದು 24 ಗಂಟೆ, ಕೈಯಿಂದ ಸೇರಿಸಿದ್ದು 30 ದಿನ, ಅದಕ್ಕಿಂತ ಹೆಚ್ಚು ಯಾವುದೂ ಇಲ್ಲ. ಕೈಯಿಂದ ಸೇರಿಸಿದರೆ ಸೇರಿಸಿದವನ ಹೆಸರು, ಕಾರಣ ಪಕ್ಕದಲ್ಲೇ ಇರಬೇಕು. ತಿರಸ್ಕರಿಸಿದಾಗ ಹೋಗುವ ಉತ್ತರದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎರಡು ಸಾಲು, ಜೊತೆಗೆ ಒಂದು ಫೋನ್ ನಂಬರು. ಆ ಫೋನು ಎತ್ತೋದು ಶಹಾಬಾದಿನ ಸಾಹುಕಾರ್ರೇ. ಅವರೇ ಕೇಳಿ ಪಡೆದ ಕೆಲಸ ಅದು. ಯಾರಾದರೂ ಫೋನ್ ಮಾಡಿದರೆ ಅವರ ಮೊದಲ ಮಾತು, "ಏನ್ ಮಾರ್ತೀರಿ ನೀವು?"

ಸದ್ಯಕ್ಕೆ ಒಂದು ಜಗಳ ನಡೀತಿದೆ. ಒಂದು ಅಗ್ಗದ ಹೋಸ್ಟಿಂಗ್ ಕಂಪನಿಯ 256 ವಿಳಾಸಗಳ ಗುಂಪಿನಿಂದ ಹದಿನೈದು ದಿನದಿಂದ ಬರೀ ಕಸವೇ ಬರ್ತಿದೆ. ಚಿಂಚೋಳಿಯ ಗೊಬ್ಬರದ ಅಂಗಡಿಯವನು, "ಅಣ್ಣಾ, ಒಂದೊಂದು ಹಿಡ್ಕೋತ ಕುಂತ್ರ ಮುಗಿಯಂಗಿಲ್ಲ, ಪೂರಾ ಬಂದ್ ಮಾಡ್ರಿ" ಅಂತಾನೆ. ಸೇಡಂ ಕಾಲೇಜಿನ ಗುಮಾಸ್ತರಿಗೆ ಮನಸ್ಸಿಲ್ಲ. ಆ ಗುಂಪಿನಲ್ಲೇ ಒಂದು ಸಣ್ಣ ಪುಸ್ತಕದಂಗಡಿಯ ವಿಳಾಸವೂ ಇದೆ, ಅವರಿಂದ ಇವರು ಪುಸ್ತಕ ತರಿಸ್ತಾರೆ. ಹೋದ ಭಾನುವಾರದ ಕಾನ್ಫರೆನ್ಸ್ ಕಾಲ್‌ನಲ್ಲಿ ಒಂದು ಗಂಟೆ ವಾದ ಆಯಿತು, ತೀರ್ಮಾನ ಆಗಲಿಲ್ಲ. 256ನ್ನೂ ಸದ್ಯಕ್ಕೆ ಔಟರ್‌ನಲ್ಲಿ ನಿಲ್ಲಿಸಿದ್ದೇವೆ. ಪುಸ್ತಕದಂಗಡಿಯ ಬಿಲ್ಲು 25 ನಿಮಿಷ ತಡವಾಗಿ ಬರ್ತಿದೆ.